ಫಾರಂ 7, ಹೆಸರಿನ ಕಾಗುಣಿತ ಮತ್ತು ಗಡಿನಾಡಿನ ಮತ

ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ, ಎಲ್ಲರ ಬಾಯಲ್ಲಿ ಎಸ್‌ಐಆರ್, ನಮ್ಮ ಸದಸ್ಯರು ಇರುವ ಊರುಗಳಿಗೆ ಬಂದು ಹೋದ ಮೇಲೆ ಎಲ್ಲಿ ನಾಲ್ಕು ಜನ ಸೇರಿದರೂ ಒಂದೇ ಮಾತು: ‘ನಿಮ್ಮ ಹೆಸರು ಇದೆಯಾ?’ 2025ರ ಡಿಸೆಂಬರಿನಲ್ಲಿ ಕರಡು ಪಟ್ಟಿಗಳು ಹೊರಬಂದಾಗ ತಮಿಳುನಾಡಿನಲ್ಲಿ ಸುಮಾರು 97 ಲಕ್ಷ, ಕೇರಳದಲ್ಲಿ ಸುಮಾರು 24 ಲಕ್ಷ, ಪುಟ್ಟ ಗೋವೆಯಲ್ಲಿ ಸುಮಾರು 1 ಲಕ್ಷ ಹೆಸರುಗಳು ಇರಲಿಲ್ಲ. ಕಾಸರಗೋಡು, ವಯನಾಡು, ನೀಲಗಿರಿ, ಹೊಸೂರು, ತಾಳವಾಡಿ, ವಾಸ್ಕೊ ಎಲ್ಲವೂ ಈ ಲೆಕ್ಕದೊಳಗೆ ಬರುತ್ತವೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಆದವಾನಿ, ರಾಯದುರ್ಗ, ಮಡಕಶಿರಾ ಕಡೆಯ ಬಂಧುಗಳು ಈ ಎರಡನೇ ಹಂತದಲ್ಲಿ ಇರಲಿಲ್ಲ. ಆದರೆ 2025ರ ಜೂನ್ 24ರಂದು ಚುನಾವಣಾ ಆಯೋಗ ಹೊರಡಿಸಿದ ಮೂಲ ಆದೇಶ ಇಡೀ ದೇಶಕ್ಕೆ ಸಂಬಂಧಿಸಿದ್ದು. ಆದ್ದರಿಂದ ಈ ಬರಹ ಅವರಿಗೂ ಅಷ್ಟೇ ಅನ್ವಯ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಬಿಟ್ಟುಹೋದ ಹೆಸರುಗಳೆಲ್ಲ ಅನ್ಯಾಯವಾಗಿ ಬಿಟ್ಟುಹೋದವು ಎಂದು ನಾವು ಹೇಳುವುದಿಲ್ಲ. ತೀರಿಕೊಂಡವರು, ಊರು ಬಿಟ್ಟವರು, ಎರಡು ಕಡೆ ಹೆಸರಿದ್ದವರು ಲಕ್ಷಗಟ್ಟಲೆ ಇದ್ದೇ ಇದ್ದರು. ಪಟ್ಟಿ ಆಗಾಗ ಚೊಕ್ಕ ಆಗಲೇಬೇಕು. ನಮ್ಮ ಆತಂಕ ಬೇರೆ. ಬದುಕಿರುವ, ಅದೇ ಊರಿನಲ್ಲಿರುವ, ಕಳೆದ ಸಲ ಮತ ಹಾಕಿದ ಒಬ್ಬ ಮನುಷ್ಯನ ಹೆಸರನ್ನು ಇನ್ನೊಬ್ಬ ಬರೆದುಕೊಟ್ಟ ಒಂದು ಕಾಗದ, ಅಥವಾ ಕಂಪ್ಯೂಟರು ಎತ್ತಿ ತೋರಿಸಿದ ಒಂದು ಕಾಗುಣಿತ ಸಂಶಯದ ಸಾಲಿಗೆ ತಳ್ಳುತ್ತದೆಯಲ್ಲ, ಅದು. ಈ ಕಾಗದ, ಈ ಸಂಶಯ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಧರ್ಮದಿಂದಲೋ ಭಾಷೆಯಿಂದಲೋ ವಲಸೆಯಿಂದಲೋ ‘ಇವರು ಇಲ್ಲಿಯವರಲ್ಲ’ ಎಂದು ಸುಲಭವಾಗಿ ಹೇಳಬಹುದಾದವರ ಮೇಲೆಯೇ ಹೆಚ್ಚು ಬೀಳುತ್ತದೆ. ಗಡಿನಾಡ ಕನ್ನಡಿಗರಾದ ನಾವು ಕೊನೆಯ ಎರಡು ಗುಂಪಿನಲ್ಲಿ ಇದ್ದೇವೆ. ನಮ್ಮಲ್ಲಿ ಎಷ್ಟೋ ಜನ ಮೂರರಲ್ಲೂ ಇದ್ದಾರೆ.

ಆ ಕಾಗದದ ಹೆಸರು ಫಾರಂ 7. ಪಟ್ಟಿಯಲ್ಲಿರುವ ಹೆಸರಿಗೆ ಆಕ್ಷೇಪಣೆ ಸಲ್ಲಿಸಲು, ತೀರಿಕೊಂಡವರ ಅಥವಾ ಸ್ಥಳ ಬಿಟ್ಟವರ ಹೆಸರು ತೆಗೆಸಲು ಇರುವ ಅರ್ಜಿ ಇದು. ಯಾರು ಬೇಕಾದರೂ ಕೊಡುವಂತಿಲ್ಲ, ಅದೇ ಕ್ಷೇತ್ರದ ಮತದಾರನೇ ಕೊಡಬೇಕು. ಕಾರಣ ತಿಳಿಸಬೇಕು. ಸುಳ್ಳು ಹೇಳಿ ಸಹಿ ಹಾಕಿದರೆ 1950ರ ಪ್ರಜಾಪ್ರತಿನಿಧಿ ಕಾಯ್ದೆಯ 31ನೇ ಕಲಂ ಪ್ರಕಾರ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಅರ್ಜಿ ಬಂದ ಮಾತ್ರಕ್ಕೆ ಹೆಸರು ಹೋಗುವುದಿಲ್ಲ. ನೋಟಿಸು ಕೊಡಬೇಕು, ವಿಚಾರಣೆ ಮಾಡಬೇಕು, ಆಮೇಲೆ ಮತದಾರರ ನೋಂದಣಿ ಅಧಿಕಾರಿ ಆದೇಶ ಬರೆಯಬೇಕು. ಪುಸ್ತಕದಲ್ಲಿ ಎಲ್ಲವೂ ಸರಿಯಾಗಿಯೇ ಇದೆ.

ಪುಸ್ತಕದ ಆಚೆ ಏನಾಗುತ್ತದೆ ಎಂಬುದಕ್ಕೆ ಅಕ್ಕಲಕೋಟೆಯ ಪಕ್ಕದ ಆಳಂದವೇ ಸಾಕ್ಷಿ. ಕಲಬುರಗಿ ಜಿಲ್ಲೆಯ ಈ ಕ್ಷೇತ್ರದಲ್ಲಿ 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಆನ್‌ಲೈನಿನಲ್ಲಿ 6,018 ಫಾರಂ 7 ಅರ್ಜಿಗಳು ಬಂದವು. ಗೊತ್ತಾದದ್ದು ಹೇಗೆಂದರೆ, ಒಬ್ಬ ಬೂತ್ ಮಟ್ಟದ ಅಧಿಕಾರಿಗೆ ತಮ್ಮ ಸಂಬಂಧಿಕರ ಹೆಸರನ್ನೇ ತೆಗೆಯಿರಿ ಎಂಬ ಅರ್ಜಿ ಪರಿಶೀಲನೆಗೆ ಬಂತು. ಅರ್ಜಿದಾರನ ಜಾಗದಲ್ಲಿ ಅದೇ ಊರಿನ ಇನ್ನೊಬ್ಬರ ಹೆಸರು. ಕೇಳಿದರೆ ಅವರಿಗೆ ಅದರ ಗಂಧಗಾಳಿಯೂ ಇರಲಿಲ್ಲ. ಮನೆಮನೆಗೆ ಹೋಗಿ ನೋಡಿದಾಗ 6,018ರಲ್ಲಿ ಸರಿ ಇದ್ದದ್ದು 24 ಮಾತ್ರ, ಉಳಿದ 5,994 ತಪ್ಪು. 2023ರ ಫೆಬ್ರವರಿಯಲ್ಲಿ ನೋಂದಣಿ ಅಧಿಕಾರಿಯೇ ಪೊಲೀಸರಿಗೆ ದೂರು ಕೊಟ್ಟರು. ಮೊದಲು ಸಿಐಡಿ, 2025ರ ಸೆಪ್ಟೆಂಬರಿನಲ್ಲಿ ವಿಶೇಷ ತನಿಖಾ ತಂಡ ತನಿಖೆಗೆ ಇಳಿದವು. ಒಂದೊಂದು ಅರ್ಜಿಗೆ 80 ರೂಪಾಯಿಯಂತೆ ಕೂಲಿ ಕೊಟ್ಟು ಹಾಕಿಸಿದರೆಂದು ತನಿಖಾ ತಂಡದ ಮೂಲಗಳನ್ನು ಉಲ್ಲೇಖಿಸಿ ಪತ್ರಿಕೆಗಳು ಬರೆದವು. ಆ ಚುನಾವಣೆಯಲ್ಲಿ ಗೆಲುವಿನ ಅಂತರ ಸುಮಾರು ಹತ್ತು ಸಾವಿರ. ಆರು ಸಾವಿರ ಮತ ಎಂದರೆ ಏನು ಎಂದು ಇದರಿಂದ ಅಂದಾಜು ಮಾಡಿಕೊಳ್ಳಬಹುದು.

ಆಳಂದದಲ್ಲಿ ಹೆಸರುಗಳು ಉಳಿದವು, ನಿಜ. ಚುನಾವಣಾ ಆಯೋಗವೂ ಅದನ್ನೇ ಒತ್ತಿ ಹೇಳಿತು: ಪ್ರಯತ್ನ ವಿಫಲವಾಯಿತು, ಆನ್‌ಲೈನಿನಲ್ಲಿ ಕುಳಿತು ಯಾರೂ ಯಾರ ಹೆಸರನ್ನೂ ಅಳಿಸಲು ಆಗುವುದಿಲ್ಲ ಎಂದು. ಹಾಗಿದ್ದರೂ ಆಮೇಲೆ ಇಂಥ ಅರ್ಜಿಗಳಿಗೆ ಆಧಾರ್ ಮೂಲಕ ಇ-ಸಹಿ ಕಡ್ಡಾಯವಾಯಿತು. ಅಲ್ಲಿಯವರೆಗೆ ಬಾಗಿಲು ತೆರೆದೇ ಇತ್ತೆಂದು ಇದರ ಅರ್ಥ. ಇನ್ನೂ ಒಂದನ್ನು ಗಮನಿಸಬೇಕು. ಹೆಸರುಗಳು ಉಳಿದದ್ದು ಯಂತ್ರದಿಂದಲ್ಲ, ಒಬ್ಬ ಅಧಿಕಾರಿ ತನ್ನ ಊರಿನ ಜನರನ್ನು ಮುಖದಿಂದ ಗುರುತಿಸುತ್ತಿದ್ದದ್ದರಿಂದ. ಗಡಿಯಾಚೆಯ ನಮ್ಮ ಊರುಗಳಲ್ಲಿ ಬಿಎಲ್‌ಒ ಆಗಿ ಬರುವವರು ಬಹಳ ಸಲ ನಮ್ಮ ಮಾತು ಬಲ್ಲವರಲ್ಲ. ಅವರದು ತಪ್ಪಲ್ಲ. ಆದರೆ ಆಳಂದದಲ್ಲಿ ಕೆಲಸ ಮಾಡಿದ ಆ ಒಂದು ರಕ್ಷಣೆ ನಮಗೆ ಅಷ್ಟಾಗಿ ಇಲ್ಲ.

ಹೆಸರು ಪಟ್ಟಿಯಿಂದ ಹೋಗದೆಯೂ ಒಬ್ಬನ ಮತವನ್ನು ಸಂಶಯಕ್ಕೆ ಒಳಪಡಿಸಬಹುದು ಎಂಬುದನ್ನು ನಮ್ಮ ಮಂಜೇಶ್ವರ ಕಂಡಿದೆ. 2016ರ ಚುನಾವಣೆಯಲ್ಲಿ ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಜಾಕ್ ಅವರು ಬಿಜೆಪಿಯ ಕೆ. ಸುರೇಂದ್ರನ್ ಅವರನ್ನು ಸೋಲಿಸಿದ್ದು ಬರೀ 89 ಮತಗಳಿಂದ. ಸುರೇಂದ್ರನ್ ಕೇರಳ ಹೈಕೋರ್ಟಿಗೆ ಹೋದರು. 259 ಮತಗಳು ಕಳ್ಳಮತ, ವಿದೇಶದಲ್ಲಿ ಇರುವವರ ಹೆಸರಿನಲ್ಲಿ, ಸತ್ತವರ ಹೆಸರಿನಲ್ಲಿ ಬೇರೆಯವರು ಹಾಕಿದ್ದು ಎಂಬುದು ಅವರ ದೂರು. ಆ ಪಟ್ಟಿಯಲ್ಲಿದ್ದವರಿಗೆ ಕೋರ್ಟಿನಿಂದ ಸಮನ್ಸ್ ಹೊರಟಿತು. ‘ಸತ್ತವರು’ ಎಂದು ಬರೆದಿದ್ದ ಒಬ್ಬರು ಉಪ್ಪಳದ ಕಡೆ ತಮ್ಮ ಮನೆಬಾಗಿಲಲ್ಲಿ ನಿಂತು ಆ ಸಮನ್ಸನ್ನು ತಾವೇ ತೆಗೆದುಕೊಂಡ ಸುದ್ದಿ ಆಗ ಎಲ್ಲೆಡೆ ಓಡಾಡಿತು. ಗಲ್ಫಿನಲ್ಲಿ ದುಡಿಯುವವರು ಪಾಸ್‌ಪೋರ್ಟಿನ ಮುದ್ರೆ ತೋರಿಸಿ, ಆ ದಿನ ನಾನು ಊರಿನಲ್ಲೇ ಇದ್ದೆ, ನನ್ನ ಮತ ನಾನೇ ಹಾಕಿದ್ದು ಎಂದು ಎರ್ನಾಕುಳಂವರೆಗೆ ಹೋಗಿ ಹೇಳಬೇಕಾಯಿತು. 2018ರಲ್ಲಿ ರಜಾಕ್ ತೀರಿಕೊಂಡರು. 2019ರಲ್ಲಿ ಸುರೇಂದ್ರನ್ ಅರ್ಜಿ ಹಿಂತೆಗೆದುಕೊಂಡರು. 259ರಲ್ಲಿ ಎಷ್ಟು ನಿಜ ಎಷ್ಟು ಸುಳ್ಳು ಎಂಬ ತೀರ್ಪು ಬರಲೇ ಇಲ್ಲ.

ಈ ಪ್ರಕರಣವನ್ನು ಒಂದು ಪಕ್ಷದ ಕಣ್ಣಿನಿಂದ ನೋಡಬಾರದು. 89 ಮತದ ಸೋಲು ಕಂಡವರು ಕೋರ್ಟಿಗೆ ಹೋಗುವುದು ಅವರ ಹಕ್ಕು. ಕಳ್ಳಮತ ನಮ್ಮ ಕಡೆ ಕಟ್ಟುಕತೆಯೂ ಅಲ್ಲ. 2019ರ ಲೋಕಸಭೆ ಚುನಾವಣೆಯಲ್ಲಿ ಕಾಸರಗೋಡು ಕ್ಷೇತ್ರದ ಕೆಲವು ಮತಗಟ್ಟೆಗಳಲ್ಲಿ ಕ್ಯಾಮರಾದಲ್ಲೇ ಅದು ಸಿಕ್ಕಿಬಿದ್ದು ಮೇ 19ರಂದು ಮರುಮತದಾನ ಆಯಿತು. ಸಿಕ್ಕಿಬಿದ್ದವರಲ್ಲಿ ಎಡಪಕ್ಷದವರೂ ಇದ್ದರು, ಲೀಗಿನವರೂ ಇದ್ದರು. ನಾವು ಹೇಳುವುದು ಇಷ್ಟು: ಕ್ಯಾಮರಾದಲ್ಲಿ ಒಬ್ಬ ಎರಡು ಸಲ ಬಂದದ್ದನ್ನು ತೋರಿಸುವುದು ಸಾಕ್ಷ್ಯ. 259 ಹೆಸರುಗಳ ಪಟ್ಟಿ ಕೊಟ್ಟು ‘ಇವರೆಲ್ಲ ಬಂದು ತಾವು ಬದುಕಿರುವುದನ್ನು ತೋರಿಸಲಿ’ ಎನ್ನುವುದು ಬೇರೆಯೇ ಸಂಗತಿ. ಮೊದಲನೆಯದರಲ್ಲಿ ಹೊರೆ ದೂರುವವನ ಮೇಲೆ. ಎರಡನೆಯದರಲ್ಲಿ ಮತದಾರನ ಮೇಲೆ. ಅಂದ ಹಾಗೆ, ಅದೇ ಮಂಜೇಶ್ವರದಿಂದ 2021ರಲ್ಲಿ 745 ಮತಗಳಿಂದ ಗೆದ್ದ ಲೀಗಿನ ಎ.ಕೆ.ಎಂ. ಅಶ್ರಫ್ ಅವರು ಕೇರಳ ವಿಧಾನಸಭೆಯಲ್ಲಿ ಪ್ರಮಾಣವಚನ ತೆಗೆದುಕೊಂಡದ್ದು ಕನ್ನಡದಲ್ಲಿ. ಮುಸ್ಲಿಂ ಮತದಾರರ ತೊಂದರೆ ಬೇರೆ, ಕನ್ನಡ ಮತದಾರರ ತೊಂದರೆ ಬೇರೆ ಎಂದು ಗೆರೆ ಎಳೆಯುವವರು ಇದನ್ನು ಒಮ್ಮೆ ನೆನಪಿಸಿಕೊಳ್ಳಲಿ.

ಹೊರೆ ಯಾರ ಮೇಲೆ ಎಂಬ ಈ ಪ್ರಶ್ನೆಗೆ ನಮ್ಮ ಸುಪ್ರೀಂ ಕೋರ್ಟು ಮೂವತ್ತು ವರ್ಷದ ಹಿಂದೆಯೇ ಉತ್ತರ ಕೊಟ್ಟಿತ್ತು. 1994ರಲ್ಲಿ ದೆಹಲಿಯ ಕೆಲವು ಬಡಾವಣೆಗಳ, ಮುಂಬಯಿಯ ಕೆಲವು ಕೊಳೆಗೇರಿಗಳ ಜನರಿಗೆ, ನೀವು ಭಾರತದ ಪ್ರಜೆಗಳು ಎಂದು ಸಾಬೀತುಪಡಿಸಿ ಎಂದು ಒಂದೇ ಅಚ್ಚಿನ ನೋಟಿಸುಗಳು ಹೋದವು. ಪಾಸ್‌ಪೋರ್ಟು, ಜನನ ಪತ್ರದಂಥ ಬೆರಳೆಣಿಕೆಯ ದಾಖಲೆಗಳನ್ನಷ್ಟೇ ಒಪ್ಪುತ್ತೇವೆ ಎಂದರು. ಲಾಲ್ ಬಾಬು ಹುಸೇನ್ ಪ್ರಕರಣ ಎಂದು ಹೆಸರಾದ ಈ ವ್ಯಾಜ್ಯದಲ್ಲಿ 1995ರ ಫೆಬ್ರವರಿಯಲ್ಲಿ ಕೋರ್ಟು ಆ ನೋಟಿಸುಗಳನ್ನು ರದ್ದು ಮಾಡಿತು. ಒಬ್ಬನ ಹೆಸರು ಒಮ್ಮೆ ಪಟ್ಟಿಗೆ ಸೇರಿದೆ ಎಂದರೆ ಆಗಿನ ಅಧಿಕಾರಿ ನೋಡಿಯೇ ಸೇರಿಸಿದ್ದಾನೆ ಎಂದು ಭಾವಿಸಬೇಕು. ಹಳೆಯ ಪಟ್ಟಿಗೆ ತೂಕ ಕೊಡಬೇಕು. ಸಂಶಯವಿದ್ದರೆ ಅದರ ಆಧಾರವನ್ನು ಮತದಾರನಿಗೆ ತಿಳಿಸಬೇಕು. ತೀರ್ಪಿನ ತಿರುಳು ಇದು.

ಎಸ್‌ಐಆರ್ ಬಂದಾಗ ಈ ತಿರುಳೇ ಚರ್ಚೆಗೆ ಬಂತು. ಇದು ಪಟ್ಟಿಯನ್ನು ಹೊಸದಾಗಿ ಕಟ್ಟುವ ಕೆಲಸ, ಆದ್ದರಿಂದ ಹಳೆಯ ಪಟ್ಟಿಯಲ್ಲಿ ಇದ್ದರೆಂಬುದೇ ಸಾಲದು ಎಂಬುದು ಆಯೋಗದ ನಿಲುವು. ಬಿಹಾರದಲ್ಲಿ 7.89 ಕೋಟಿ ಮತದಾರರಿದ್ದರು. 2025ರ ಆಗಸ್ಟ್ 1ರ ಕರಡಿನಲ್ಲಿ 7.24 ಕೋಟಿ. ಬಿಟ್ಟುಹೋದ 65 ಲಕ್ಷದ ಹೆಸರುಗಳನ್ನು, ಯಾವ ಕಾರಣಕ್ಕೆ ಬಿಟ್ಟದ್ದು ಎಂಬುದರ ಸಮೇತ, ಆಯೋಗ ತಾನಾಗಿ ಕೊಡಲಿಲ್ಲ. ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ ಕೊಟ್ಟಿತು. ಅದಕ್ಕೆ ಎರಡು ದಿನ ಮುಂಚೆ ಯೋಗೇಂದ್ರ ಯಾದವ್ ಅವರು ಪಟ್ಟಿಯ ಪ್ರಕಾರ ‘ಸತ್ತ’ ಇಬ್ಬರನ್ನು ಕೋರ್ಟಿನೊಳಗೇ ಕರೆತಂದು ನಿಲ್ಲಿಸಿದ್ದರು. ಮಂಜೇಶ್ವರದ ಕತೆಯೇ ದೆಹಲಿಗೆ ಹೋದ ಹಾಗೆ. ಆಧಾರ್ ಕಾರ್ಡನ್ನು ಗುರುತಿಗೆ ಒಪ್ಪಬೇಕೆಂದೂ ಸೆಪ್ಟೆಂಬರಿನಲ್ಲಿ ಕೋರ್ಟೇ ಹೇಳಬೇಕಾಯಿತು. ಮೊದಲಿನ ಹನ್ನೊಂದು ದಾಖಲೆಗಳ ಪಟ್ಟಿಯಲ್ಲಿ ಅದು ಇರಲೇ ಇಲ್ಲ. ಕೊನೆಯ ಪಟ್ಟಿ 7.42 ಕೋಟಿಗೆ ನಿಂತಿತು.

ಎರಡನೇ ಹಂತದಲ್ಲಿ ಒಂದು ಸಡಿಲಿಕೆ ಬಂತು. 2002ರ ಆಸುಪಾಸಿನ ಹಳೆಯ ತೀವ್ರ ಪರಿಷ್ಕರಣೆಯ ಪಟ್ಟಿಯಲ್ಲಿ ನಿಮ್ಮದೋ, ನಿಮ್ಮ ತಂದೆತಾಯಿಯದೋ ಹೆಸರಿದ್ದರೆ ಅದನ್ನು ತೋರಿಸಿದರೆ ಸಾಕು. ಅದು ಯಾವ ರಾಜ್ಯದ ಪಟ್ಟಿಯಾದರೂ ಸರಿ. ಗಡಿಯ ಜನಕ್ಕೆ ಇದು ದೊಡ್ಡ ಅನುಕೂಲ. ಸೊಲ್ಲಾಪುರ, ಜತ್ತಗಳಿಗೆ ವಿಜಯಪುರ, ಕಲಬುರಗಿ ಕಡೆಯ ಹೆಣ್ಣುಮಕ್ಕಳು ಸೊಸೆಯಾಗಿ ಬರುವುದು, ಹೊಸೂರಿಗೆ ಆನೇಕಲ್ಲಿನವರು ಬರುವುದು, ಕಾಸರಗೋಡಿಗೆ ಪುತ್ತೂರು ಸುಳ್ಯದವರು ಬರುವುದು ಇಂದು ನಿನ್ನೆಯದಲ್ಲ. ಅವರ ತೌರಿನ ಹಳೆಯ ಪಟ್ಟಿ ಕನ್ನಡದಲ್ಲಿದೆ. ಗಂಡನ ಮನೆಯ ಈಗಿನ ಪಟ್ಟಿ ಮರಾಠಿಯಲ್ಲೋ ತಮಿಳಿನಲ್ಲೋ ಮಲಯಾಳದಲ್ಲೋ ಇದೆ. ತೊಡಕು ಶುರುವಾಗುವುದು ಇಲ್ಲಿಯೇ.

ತಮಿಳು ಲಿಪಿಯಲ್ಲಿ ಕ, ಗ ಎರಡಕ್ಕೂ ಒಂದೇ ಅಕ್ಷರ. ಪ, ಬ, ಭಗಳಿಗೂ ಒಂದೇ. ತ, ದಗಳಿಗೂ ಹಾಗೆಯೇ. ಭೀಮಪ್ಪ ಅಲ್ಲಿ ಪೀಮಪ್ಪಾ ಆಗುತ್ತಾರೆ, ಗೋಪಾಲ ಕೋಪಾಲ ಆಗುತ್ತಾನೆ, ದೊಡ್ಡಮ್ಮ ತೊಟ್ಟಮ್ಮ ಆಗುತ್ತಾರೆ. ಓದುವಾಗ ತಮಿಳರು ಸರಿಯಾಗಿಯೇ ಓದುತ್ತಾರೆ, ಅದರಲ್ಲಿ ತಕರಾರಿಲ್ಲ. ಆದರೆ ಆ ಹೆಸರು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಕಂಪ್ಯೂಟರಿಗೆ ಹೋಗಿ, ಆನೇಕಲ್ಲಿನ ಹಳೆಯ ಪಟ್ಟಿಯ ಭೀಮಪ್ಪನ ಜೊತೆ ತಾಳೆ ನೋಡಿದಾಗ ಇಬ್ಬರು ಬೇರೆ ಬೇರೆ ಮನುಷ್ಯರಾಗಿಬಿಡುತ್ತಾರೆ. ತಮಿಳುನಾಡಿನಲ್ಲಿ ತಂದೆಯ ಹೆಸರಿನ ಮೊದಲಕ್ಷರವೇ ಇನಿಷಿಯಲ್ಲು. ಮಹಾರಾಷ್ಟ್ರದಲ್ಲಿ ತನ್ನ ಹೆಸರು, ತಂದೆಯದೋ ಗಂಡನದೋ ಹೆಸರು, ಅಡ್ಡಹೆಸರು ಮೂರೂ ಬೇಕು. ಮದುವೆಯಾದ ಹೆಣ್ಣುಮಗಳ ಹೆಸರೇ ಎಷ್ಟೋ ಮನೆಗಳಲ್ಲಿ ಬದಲಾಗುತ್ತದೆ. ಕೇರಳದ ಪಟ್ಟಿಯಲ್ಲಿ ಮನೆಹೆಸರು ಇರುತ್ತದೆ. ಮಲಯಾಳದಲ್ಲಿ ಅಕ್ಷರಗಳ ಕೊರತೆಯಿಲ್ಲ, ಆದರೂ ಒಬ್ಬರೇ ಮನುಷ್ಯ ಒಂದು ಕಡೆ ಮೊಯಿದು, ಇನ್ನೊಂದು ಕಡೆ ಮೊಹಿಯುದ್ದೀನ್ ಆಗಿರುವುದು ಕುಂಬಳೆ, ಉಪ್ಪಳದ ಯಾವ ಬೀದಿಯಲ್ಲಿ ಕೇಳಿದರೂ ಸಿಗುತ್ತದೆ.

ಇದು ನಮ್ಮ ಊಹೆಯ ಭಯ ಅಂದುಕೊಳ್ಳಬೇಡಿ. ಪಶ್ಚಿಮ ಬಂಗಾಳದಲ್ಲಿ ಕಂಪ್ಯೂಟರು ತಾಳೆ ನೋಡಿ ಸುಮಾರು 1.25 ಕೋಟಿ ಜನರನ್ನು ‘ತಾರ್ಕಿಕ ವ್ಯತ್ಯಾಸ’ ಎಂಬ ಪಟ್ಟಿಗೆ ಹಾಕಿತು. ತಂದೆಯ ಹೆಸರು ಹೊಂದುವುದಿಲ್ಲ, ತಾಯಿತಂದೆಗೂ ಮಕ್ಕಳಿಗೂ ವಯಸ್ಸಿನ ಅಂತರ 15 ವರ್ಷಕ್ಕಿಂತ ಕಡಿಮೆ ಅಥವಾ 50ಕ್ಕಿಂತ ಹೆಚ್ಚು, ಒಬ್ಬರಿಗೆ ಆರಕ್ಕಿಂತ ಹೆಚ್ಚು ಮಕ್ಕಳು, ಇಂಥ ಕಾರಣಗಳು. ಒಂದು ಹೆಸರನ್ನು ಬಂಗಾಳಿಯಿಂದ ಇಂಗ್ಲಿಷಿಗೆ ತರುವಾಗ ಒಂದು ಸ್ವರ ಆಚೀಚೆ ಆದರೂ ನೋಟಿಸು. 2026ರ ಜನವರಿ 19ರಂದು ಸುಪ್ರೀಂ ಕೋರ್ಟು ಈ ಹೆಸರುಗಳನ್ನು ಪಂಚಾಯತಿ ಕಚೇರಿಗಳಲ್ಲಿ, ಬ್ಲಾಕ್ ಕಚೇರಿಗಳಲ್ಲಿ ಅಂಟಿಸಬೇಕು, ಮತದಾರರ ಪರವಾಗಿ ಪ್ರತಿನಿಧಿ ಹೋಗಿ ದಾಖಲೆ ಕೊಡಲು ಬಿಡಬೇಕು, ಕೊಟ್ಟದ್ದಕ್ಕೆ ರಸೀದಿ ಕೊಡಬೇಕು ಎಂದಿತು. ರಸೀದಿ ಕೊಡಿ ಎಂದು ದೇಶದ ಅತ್ಯುನ್ನತ ನ್ಯಾಯಾಲಯ ಹೇಳಬೇಕಾಯಿತು ಎಂಬುದರಲ್ಲೇ ಎಲ್ಲವೂ ಇದೆ. ಇನ್ನು ವಯಸ್ಸಿನ ಮಾತು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದ ಹುಟ್ಟಿದ ದಿನವೇ ಇಂದಿಗೂ ನಮ್ಮಲ್ಲಿ ಅರ್ಧಕ್ಕರ್ಧ ಜನರ ಹುಟ್ಟುಹಬ್ಬ. ಶಾಲೆಯ ಮೆಟ್ಟಿಲು ಹತ್ತದ ಅವರ ತಾಯಿಯ ವಯಸ್ಸನ್ನು ಪಟ್ಟಿಗೆ ಬರೆದದ್ದು ಅಂದಾಜಿನಿಂದ. ಎರಡು ಅಂದಾಜುಗಳ ನಡುವೆ ವ್ಯವಕಲನ ಮಾಡಿ ಒಬ್ಬನ ಹಕ್ಕನ್ನು ಅಳೆಯುವುದು ಯಾವ ಸೀಮೆಯ ತರ್ಕ?

ಭಾಷೆಯ ಅಲ್ಪಸಂಖ್ಯಾತರಿಗೆ ಈ ದಾರಿ ಎಲ್ಲಿಗೆ ಹೋಗಬಹುದು ಎಂಬುದಕ್ಕೆ ಅಸ್ಸಾಮಿನ ಉದಾಹರಣೆ ಇದೆ. 1997ರ ಪರಿಷ್ಕರಣೆಯಲ್ಲಿ ಅಲ್ಲಿ ಕೆಲವರ ಹೆಸರಿನ ಮುಂದೆ ‘ಡಿ’, ಅಂದರೆ ಸಂಶಯಾಸ್ಪದ, ಎಂದು ಗುರುತು ಹಾಕಿದರು. ಹೆಚ್ಚಿನವರು ಬಂಗಾಳಿ ಮಾತನಾಡುವವರು, ಹಿಂದೂಗಳೂ ಮುಸ್ಲಿಮರೂ ಇದ್ದರು. ಡಿ ಬಿದ್ದವರು ಮತ ಹಾಕುವಂತಿಲ್ಲ, ವಿದೇಶಿಯರ ನ್ಯಾಯಮಂಡಳಿಯ ಮುಂದೆ ತಾವು ಭಾರತೀಯರು ಎಂದು ತೋರಿಸಬೇಕು. ಎಷ್ಟೋ ಜನರಿಗೆ ವರ್ಷಗಟ್ಟಲೆ, ದಶಕಗಟ್ಟಲೆ ಅದು ಹೋಗಲಿಲ್ಲ. ನಮ್ಮ ಕಡೆ ಹಾಗಾಗಿಲ್ಲ, ಆಗುತ್ತದೆ ಎಂದೂ ನಾವು ಹೆದರಿಸುತ್ತಿಲ್ಲ. ಕನ್ನಡಿಗರನ್ನು ವಿದೇಶಿಯರು ಎಂದು ಯಾರೂ ಹೇಳುವುದಿಲ್ಲ. ‘ಇವರು ಕರ್ನಾಟಕದವರು, ಅಲ್ಲೇ ಮತ ಹಾಕಲಿ’ ಎನ್ನುವುದಕ್ಕೆ ಮಾತ್ರ ಬಹಳ ಹೊತ್ತು ಬೇಕಾಗಿಲ್ಲ. ಗೋವೆಯಲ್ಲಿ ದುಡಿಯುವ ನಮ್ಮವರು ‘ಘಾಟಿ’ ಎಂಬ ಕರೆಯ ಜೊತೆಗೇ ಇದನ್ನೂ ಕೇಳುತ್ತಾ ಬಂದಿದ್ದಾರೆ.

ಗೋವೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ವಾಸ್ಕೊದ ಬೈನಾ, ಝುವಾರಿನಗರದ ಕಡೆಯ ಕಟ್ಟಡ ಕೆಲಸದವರು, ನೀಲಗಿರಿ, ವಯನಾಡುಗಳ ತೋಟದ ಕೆಲಸದವರು ಜಾತ್ರೆಗೆ, ಬಿತ್ತನೆಗೆ, ಮದುವೆಗೆ ಬಾದಾಮಿಗೋ ಗದಗಿಗೋ ಗುಂಡ್ಲುಪೇಟೆಗೋ ಹೋಗಿ ತಿಂಗಳು ಇದ್ದು ಬರುತ್ತಾರೆ. ಆ ತಿಂಗಳಲ್ಲಿ ಬಿಎಲ್‌ಒ ಮೂರು ಸಲ ಬಂದು ಬೀಗ ನೋಡಿದರೆ ‘ಸ್ಥಳಾಂತರ’ ಎಂದು ಬರೆಯುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ಸ್ವಲ್ಪ ಕಾಲ ಊರಿನಲ್ಲಿ ಇಲ್ಲದ ಮಾತ್ರಕ್ಕೆ ಒಬ್ಬರು ಅಲ್ಲಿಯ ಸಾಮಾನ್ಯ ನಿವಾಸಿ ಅಲ್ಲ ಎನ್ನುವಂತಿಲ್ಲ ಎಂದು 1950ರ ಕಾಯ್ದೆಯ 20ನೇ ಕಲಮಿನಲ್ಲಿ ಸ್ಪಷ್ಟವಾಗಿದೆ. ಅದೇ ಕಲಂ ಇನ್ನೊಂದು ಮಾತನ್ನೂ ಹೇಳುತ್ತದೆ: ಒಂದು ಊರಿನಲ್ಲಿ ಮನೆ ಇದೆ ಎಂದ ಮಾತ್ರಕ್ಕೆ ಅಲ್ಲಿಯ ನಿವಾಸಿ ಆಗುವುದಿಲ್ಲ. ಹುಟ್ಟೂರಿನ ಹಳೆಯ ಮನೆಯನ್ನು ತೋರಿಸಿ ‘ನೀವು ಅಲ್ಲಿಯವರು’ ಎನ್ನುವವರಿಗೆ ಈ ಎರಡನೆಯ ಮಾತೇ ಉತ್ತರ.

ಭಾಷೆಯನ್ನು ಅಡ್ಡಗೋಡೆ ಮಾಡುವುದು ನಮ್ಮ ದೇಶದ್ದೇ ಕಂಡುಹಿಡಿಕೆಯಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕಪ್ಪು ಜನರನ್ನು ದೂರ ಇಡಲು ಅಕ್ಷರ ಪರೀಕ್ಷೆ ಇತ್ತು. ನ್ಯೂಯಾರ್ಕಿನಲ್ಲಿ ಅಂಥದೇ ಇಂಗ್ಲಿಷ್ ಪರೀಕ್ಷೆ ಸ್ಪ್ಯಾನಿಷ್ ಓದಬಲ್ಲ ಪೋರ್ಟೊರಿಕೊದವರನ್ನು ಹೊರಗಿಟ್ಟಿತ್ತು. 1965ರ ಮತದಾನ ಹಕ್ಕು ಕಾಯ್ದೆ ಅದಕ್ಕೆ ತಡೆ ಹಾಕಿತು. 1975ರಲ್ಲಿ ಅದಕ್ಕೆ ತಿದ್ದುಪಡಿ ತಂದು, ಗೊತ್ತಾದ ಸಂಖ್ಯೆಗಿಂತ ಹೆಚ್ಚು ಭಾಷಾ ಅಲ್ಪಸಂಖ್ಯಾತರು ಇರುವ ಕಡೆ ಮತಪತ್ರ, ಅರ್ಜಿ, ನೋಟಿಸು ಎಲ್ಲವೂ ಅವರ ಭಾಷೆಯಲ್ಲೂ ಇರಬೇಕು ಎಂದರು. ಅದೇ ದೇಶದ ಜಾರ್ಜಿಯಾ ರಾಜ್ಯದಲ್ಲಿ 2021ರ ಕಾನೂನು ಒಬ್ಬನೇ ಮತದಾರ ಎಷ್ಟು ಜನರ ಹೆಸರಿಗೆ ಬೇಕಾದರೂ ಆಕ್ಷೇಪಣೆ ಹಾಕಬಹುದು ಎಂದು ಬಾಗಿಲು ತೆರೆಯಿತು. ನಮ್ಮ ಸಂವಿಧಾನದ 325ನೇ ವಿಧಿ ಧರ್ಮ, ಜನಾಂಗ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಮತದಾರರ ಪಟ್ಟಿಯಿಂದ ಹೊರಗಿಡಬಾರದು ಎನ್ನುತ್ತದೆ. ಆ ಸಾಲಿನಲ್ಲಿ ಭಾಷೆ ಎಂಬ ಪದ ಇಲ್ಲ. 326ನೇ ವಿಧಿ ಕೊಡುವ ವಯಸ್ಕ ಮತದಾನದ ಹಕ್ಕು ಎಲ್ಲರಿಗೂ ಇದ್ದೇ ಇದೆ. ಆದರೂ ಕರಡು ಪಟ್ಟಿಯನ್ನು, ನೋಟಿಸನ್ನು ಕನ್ನಡದಲ್ಲಿ ಕೇಳುವಾಗ ಅಮೆರಿಕದಂಥ ಗಟ್ಟಿಯಾದ ಕಲಮಿನ ಮೇಲೆ ಬೆರಳಿಟ್ಟು ತೋರಿಸಲು ನಮಗೆ ಆಗುವುದಿಲ್ಲ. ಯಾವ ಭಾಷೆಯಲ್ಲಿ ಪಟ್ಟಿ ಎಂಬುದನ್ನು 1960ರ ನಿಯಮಗಳು ಆಯೋಗದ ನಿರ್ದೇಶನಕ್ಕೆ ಬಿಟ್ಟಿವೆ. ಆದ್ದರಿಂದ ನಮ್ಮ ಕೇಳಿಕೆ ಜಿಲ್ಲಾಧಿಕಾರಿಯ ಮೇಜಿನ ಮೇಲೆ ನಿಲ್ಲಬಾರದು. ಅದು ಆಯೋಗದವರೆಗೂ ಹೋಗಬೇಕು, ಬರೆದು ಹೋಗಬೇಕು.

ಇನ್ನು ನಮ್ಮೊಳಗಿನ ಎರಡು ಮಾತು, ಸ್ವಲ್ಪ ಕಹಿಯಾದರೂ. ಗಡಿಯ ಎರಡೂ ಬದಿ ಹೆಸರಿಟ್ಟುಕೊಂಡವರು ನಮ್ಮಲ್ಲಿ ಇದ್ದಾರೆ. ಪಡಿತರಕ್ಕೆ ಒಂದು ಕಡೆ, ಜಮೀನಿಗೆ ಇನ್ನೊಂದು ಕಡೆ ಎಂದು ಶುರುವಾದದ್ದು ಮತದಾರರ ಪಟ್ಟಿಯಲ್ಲೂ ಹಾಗೇ ಉಳಿದಿದೆ. ಎರಡು ಕ್ಷೇತ್ರಗಳಲ್ಲಿ ಹೆಸರಿರುವುದು ಕಾಯ್ದೆಯ 17ನೇ ಕಲಮಿಗೆ ವಿರುದ್ಧ. ನಮ್ಮ ಮೇಲೆ ಬೆರಳು ತೋರಿಸುವವರಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಬೇಕಾಗಿಲ್ಲ. ಇರುವ ಊರು ಯಾವುದೋ ಅಲ್ಲಿ ಉಳಿಸಿಕೊಂಡು ಇನ್ನೊಂದನ್ನು ತೆಗೆಸಿ. ತಮ್ಮದೇ ಹೆಸರು ತೆಗೆಸಲು ಸಲ್ಲಿಸುವ ಫಾರಂ 7ರಲ್ಲಿ ಯಾವ ನಾಚಿಕೆಯೂ ಇಲ್ಲ, ಆ ಫಾರಂ ಇರುವುದೇ ಅದಕ್ಕೆ.

ಎರಡನೆಯದು, ಸಹಿ. 2026ರ ಜನವರಿಯಲ್ಲಿ ರಾಜಸ್ಥಾನ, ಗುಜರಾತುಗಳಲ್ಲಿ ಮೊದಲೇ ತುಂಬಿಟ್ಟ ಫಾರಂ 7ಗಳು ಕಟ್ಟುಕಟ್ಟಾಗಿ ಬಂದವೆಂದೂ ಅವುಗಳಲ್ಲಿ ಹೆಚ್ಚಿನವು ಮುಸ್ಲಿಮರ ಹೆಸರಿನ ವಿರುದ್ಧ ಇದ್ದವೆಂದೂ ವಿರೋಧ ಪಕ್ಷಗಳು ದೂರಿದವು. ಸಹಿ ತಮ್ಮದಲ್ಲ ಎಂದವರೂ ಇದ್ದರು. ನಮ್ಮ ಊರುಗಳಿಗೂ ಚುನಾವಣೆಯ ಹೊತ್ತಿಗೆ ಇಂಥ ಕಾಗದ ಬರಬಹುದು. ತರುವವರು ಪರಿಚಯದವರೇ ಆಗಿರುತ್ತಾರೆ. ‘ಅಣ್ಣಾ, ಇಲ್ಲೊಂದು ಸಹಿ ಹಾಕಿ, ಹೊರಗಿನವರ ಹೆಸರು ತೆಗೆಸ್ತಾ ಇದ್ದೀವಿ’ ಎನ್ನುತ್ತಾರೆ. ಓದದೆ ಹಾಕಬೇಡಿ. ಆ ಮನುಷ್ಯ ಸತ್ತದ್ದು, ಊರು ಬಿಟ್ಟದ್ದು ನಿಮಗೆ ಖುದ್ದಾಗಿ ಗೊತ್ತಿಲ್ಲದಿದ್ದರೆ ಹಾಕಲೇಬೇಡಿ. ಒಂದು ವರ್ಷದ ಜೈಲು ಸಹಿ ಹಾಕಿದವರಿಗೆ, ಕಾಗದ ತಂದವರಿಗಲ್ಲ. ಜೊತೆಗೆ, ಮಂಜೇಶ್ವರದಲ್ಲಿ ಬ್ಯಾರಿ ಮನೆಯವರನ್ನು ಹೊರಗಿನವರು ಎಂದು ಸಹಿ ಹಾಕಿದ ಕನ್ನಡಿಗ, ಹೊಸೂರಿನಲ್ಲಿ ಇನ್ನೊಬ್ಬ ತನ್ನನ್ನು ಹಾಗೆಂದರೆ ಯಾವ ಬಾಯಲ್ಲಿ ಎದುರಾಡುತ್ತಾನೆ?

ಸದಸ್ಯರು ಈಗ ಮಾಡಬೇಕಾದ ಕೆಲಸ ಹೆಚ್ಚೇನಿಲ್ಲ. ಗುರುತಿನ ಚೀಟಿ ಕಿಸೆಯಲ್ಲಿದೆ ಎಂದು ಸುಮ್ಮನಿರಬೇಡಿ. ಚೀಟಿ ಇದ್ದೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮತ ಇಲ್ಲ. ಹೆಸರು ಇರುವುದನ್ನು ಮಾತ್ರವಲ್ಲ, ಹೇಗೆ ಬರೆದಿದ್ದಾರೆ ಎಂಬುದನ್ನೂ ಆ ಲಿಪಿ ಓದಬಲ್ಲವರ ಹತ್ತಿರ ಓದಿಸಿ ನೋಡಿ. ಮಕ್ಕಳು ಓದುತ್ತಾರೆ, ಅವರನ್ನೇ ಕೂರಿಸಿ. ತಪ್ಪಿದ್ದರೆ ಫಾರಂ 8 ಕೊಟ್ಟು ಈಗಲೇ ತಿದ್ದಿಸಿ. ಸೊಸೆಯಂದಿರ ತೌರಿನ ಹಳೆಯ ಪಟ್ಟಿಯ ಪುಟವನ್ನು ಹುಡುಕಿ, ಭಾಗ ಸಂಖ್ಯೆ, ಕ್ರಮಸಂಖ್ಯೆ ಬರೆದಿಟ್ಟುಕೊಳ್ಳಿ. ಈ ಕೆಲಸವನ್ನು ಗಂಡಸರು ಮರೆಯುತ್ತಾರೆ ಎಂಬುದು ನಮ್ಮ ಅನುಭವ. ನೋಟಿಸು ಬಂದರೆ ಅದು ಯಾವ ಭಾಷೆಯಲ್ಲಿದ್ದರೂ ತಾರೀಖು ಮೊದಲು ನೋಡಿ. ವಿಚಾರಣೆಗೆ ಹೋಗಿ, ಆಕ್ಷೇಪಣೆ ಯಾರದು, ಆಧಾರ ಏನು ಎಂದು ಬರೆದು ಕೇಳಿ, ಕೊಟ್ಟ ಕಾಗದಕ್ಕೆಲ್ಲ ರಸೀದಿ ಪಡೆಯಿರಿ. ಆದೇಶ ವಿರುದ್ಧ ಬಂದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ ಎರಡನೇ ಮೇಲ್ಮನವಿ. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಪಟ್ಟಿಯಲ್ಲಿ ಹೆಸರು ಸೇರಿಸಲೂ ಆಗುವುದಿಲ್ಲ, ತೆಗೆಯಲೂ ಆಗುವುದಿಲ್ಲ. ಮತಗಟ್ಟೆಯ ಬಾಗಿಲಲ್ಲಿ ನಿಂತು ಜಗಳವಾಡಿ ಅಂದು ಯಾರಿಗೂ ಮತ ಸಿಗುವುದಿಲ್ಲ. ಆಯೋಗದ ಸಹಾಯವಾಣಿ 1950. ಬರೆಯಲು, ಓದಿಸಲು ಜನ ಬೇಕಾದವರು ತಮ್ಮ ಊರಿನ ಸಂಘದವರನ್ನು ಕಾಣಿರಿ. ಬರುವಾಗ ನೋಟಿಸಿನ ಎರಡು ಜೆರಾಕ್ಸ್ ಪ್ರತಿ ಇರಲಿ.